ಹ್ಯಾಂಡಲ್ ಮೇಲೊಂದು ಫೋನ್, ಜೇಬಿನಲ್ಲೊಂದು ಫೋನ್

ಪುಣೆಯಲ್ಲಿ ಹೊಸದಾಗಿ ಸೈಕಲ್ ಕೊಂಡವರು ಹೆಲ್ಮೆಟ್, ಪಂಪು, ಪಂಕ್ಚರ್ ಸಾಮಾನು ಎಲ್ಲ ಆದ ಮೇಲೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಬೈಕ್ ಕಂಪ್ಯೂಟರ್ ತಗೋಬೇಕಾ, ಇರೋ ಫೋನೇ ಸಾಕಾ?" ಬೈಕ್ ಕಂಪ್ಯೂಟರ್ ಅಂದರೆ ಸೈಕಲ್ ಹ್ಯಾಂಡಲ್ ಮೇಲೆ ಕೂತು ವೇಗ, ದೂರ, ಎತ್ತರ ತೋರಿಸುವ ಪುಟ್ಟ ಯಂತ್ರ. ಧಾರವಾಡ, ಬೆಳಗಾವಿ, ಕಲಬುರಗಿ, ಉಡುಪಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ಕನ್ನಡದವರ ಗುಂಪು ನಮ್ಮದು. ಹಿಂಜವಡಿಯ ಸಾಫ್ಟ್‌ವೇರ್‌ನವರು, ಚಿಂಚವಾಡದ ಕಾರ್ಖಾನೆಯವರು, ಬ್ಯಾಂಕಿನವರು, ಹೋಟೆಲ್ ನಡೆಸುವವರು ಎಲ್ಲ ಇದ್ದೇವೆ. ಭಾನುವಾರ ಬೆಳಕು ಹರಿಯುವ ಮುಂಚೆ ರಾಜಾರಾಮ್ ಪುಲ್ ಹತ್ತಿರ ಸೇರಿ ಖಡಕವಾಸ್ಲಾ ಕಡೆಗೋ ಸಿಂಹಗಡದ ಕಡೆಗೋ ಹೊರಡುತ್ತೇವೆ.

ಫೋನ್ ಸಾಕು ಅನ್ನುವುದೇ ನನ್ನ ಉತ್ತರ. ಆದರೆ ಯಾವ ಫೋನು, ಅದು ಎಲ್ಲಿರಬೇಕು, ಅದರ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ನಂಬಬಾರದು ಅನ್ನುವುದನ್ನು ಗುಂಪಿನಲ್ಲಿ ಎರಡು ಸಾಲಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಎಷ್ಟು ದೂರ ತುಳಿದೆ ಅನ್ನುವ ಕುತೂಹಲ ಸೈಕಲ್‌ನಷ್ಟೇ ಹಳೆಯದು. 1895ರಲ್ಲಿ ಅಮೆರಿಕದ ಕರ್ಟಿಸ್ ವೀಡರ್ ಸೈಕ್ಲೋಮೀಟರ್ ಅನ್ನುವ ಪುಟ್ಟ ಯಂತ್ರ ತಯಾರಿಸಿದರು. ಚಕ್ರದ ಕಡ್ಡಿಗೆ ಒಂದು ಗೂಟ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಆ ಗೂಟ ಯಂತ್ರದ ಹಲ್ಲನ್ನು ತಳ್ಳುತ್ತದೆ, ಅಂಕಿ ಮುಂದೆ ಸರಿಯುತ್ತದೆ. ಆಮೇಲೆ ಗೂಟದ ಜಾಗಕ್ಕೆ ಅಯಸ್ಕಾಂತ ಬಂತು, ಹಲ್ಲಿನ ಜಾಗಕ್ಕೆ ಸೆನ್ಸರ್ ಬಂತು. ಲೆಕ್ಕ ಮಾತ್ರ ಅದೇ. ಚಕ್ರದ ಸುತ್ತಳತೆ ಗೊತ್ತಿದ್ದರೆ ದೂರ ಗೊತ್ತು. 700×25 ಟೈರಿನ ಸುತ್ತಳತೆ ಸುಮಾರು 2105 ಮಿ.ಮೀ. ಇದರಲ್ಲಿ 5 ಮಿ.ಮೀ. ಆಚೀಚೆ ಆದರೂ 100 ಕಿ.ಮೀ.ಗೆ ಬರುವ ವ್ಯತ್ಯಾಸ ಕಾಲು ಕಿ.ಮೀ.ಗಿಂತ ಕಡಿಮೆ. ದೂರ ಅಳೆಯಲು ಇವತ್ತಿಗೂ ಇದಕ್ಕಿಂತ ನಂಬಿಕಸ್ಥ ದಾರಿ ಇಲ್ಲ. ಸುರಂಗದಲ್ಲೂ ನಡೆಯುತ್ತದೆ, ಮಳೆಯಲ್ಲೂ ನಡೆಯುತ್ತದೆ.

ಫೋನಿನ ದಾರಿ ಬೇರೆ. ಅದಕ್ಕೆ ಚಕ್ರ ಗೊತ್ತಿಲ್ಲ, ಆಕಾಶ ಗೊತ್ತು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಮಯ ಮತ್ತು ತಮ್ಮ ಜಾಗವನ್ನು ಸಾರುತ್ತಿರುತ್ತವೆ. ಫೋನು ತಾನೇನೂ ಕಳಿಸುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತದೆ. ಕಡೇಪಕ್ಷ ನಾಲ್ಕು ಉಪಗ್ರಹಗಳ ದನಿ ಕೇಳಿದರೆ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. 2000ದ ಮೇ ತನಕ ಅಮೆರಿಕ ಬೇಕೆಂತಲೇ ಜನಸಾಮಾನ್ಯರ ಜಿಪಿಎಸ್ ಅನ್ನು ಮಸುಕು ಮಾಡಿತ್ತು. ಆ ತಡೆ ತೆಗೆದದ್ದು ಇವತ್ತಿನ ಸೈಕಲ್ ಆ್ಯಪ್‌ಗಳಿಗೆ ದೊಡ್ಡ ಅನುಕೂಲವಾಯಿತು. ಈಗ ಬಯಲಿನಲ್ಲಿ ಒಂದು ಸಾಧಾರಣ ಫೋನು ಸುಮಾರು 5 ಮೀಟರ್ ಒಳಗೆ ನಮ್ಮ ಜಾಗ ಹೇಳುತ್ತದೆ.

ಇಲ್ಲೊಂದು ಸಂಗತಿ ಎಲ್ಲರೂ ತಿಳಿದಿರಬೇಕು. ಉಪಗ್ರಹದ ಮಾಹಿತಿ ಬರುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹ ತನ್ನ ಸ್ವಂತ ಕಕ್ಷೆಯ ವಿವರ ಹೇಳಿ ಮುಗಿಸಲು ಅರ್ಧ ನಿಮಿಷ ಬೇಕು. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿಗೆ ಹನ್ನೆರಡೂವರೆ ನಿಮಿಷ. ನಮ್ಮ ಫೋನು ಇಷ್ಟು ಕಾಯುವುದಿಲ್ಲ, ಏಕೆಂದರೆ ಅದೇ ವಿವರವನ್ನು ಇಂಟರ್‌ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ತಾಮ್ಹಿಣಿ ಘಾಟಿನ ಒಳಗೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಆ್ಯಪ್ ತೆರೆದು "ಜಿಪಿಎಸ್ ಸಿಗ್ತಿಲ್ಲ" ಅಂತ ಒದ್ದಾಡುವವರನ್ನು ಕಂಡಿದ್ದೇನೆ. ಫೋನು ಕೆಟ್ಟಿರುವುದಿಲ್ಲ. ಅದಕ್ಕೆ ಬೇಕಾದ ಪಟ್ಟಿ ಸಿಕ್ಕಿರುವುದಿಲ್ಲ, ಮೇಲಾಗಿ ಎರಡೂ ಕಡೆಯ ಗುಡ್ಡ ಅರ್ಧ ಆಕಾಶವನ್ನೇ ಮುಚ್ಚಿರುತ್ತದೆ. ಮನೆಯಿಂದ ಹೊರಡುವಾಗಲೇ, ನೆಟ್‌ವರ್ಕ್ ಇರುವಾಗಲೇ ರೆಕಾರ್ಡಿಂಗ್ ಶುರು ಮಾಡಿದರೆ ಈ ತೊಂದರೆ ಬರುವುದಿಲ್ಲ.

ವೇಗದ ವಿಷಯಕ್ಕೆ ಬಂದರೆ, ಬಯಲು ರಸ್ತೆಯಲ್ಲಿ ಫೋನ್ ಹೇಳುವ ವೇಗ ಚೆನ್ನಾಗಿಯೇ ಇರುತ್ತದೆ. ಬರೀ ಜಾಗದ ವ್ಯತ್ಯಾಸದಿಂದಲ್ಲ, ಉಪಗ್ರಹದ ಅಲೆ ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಅನ್ನುವುದರಿಂದಲೂ ಅದು ವೇಗ ತಿಳಿಯುತ್ತದೆ. ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರುತ್ತದಲ್ಲ, ಅದೇ ಡಾಪ್ಲರ್ ತತ್ವ. ಎಡವುವುದು ಪೇಟೆಗಳ ಓಣಿಯಲ್ಲಿ. ಲಕ್ಷ್ಮೀ ರೋಡಿನ ಆಚೀಚೆಯ ಹಳೆ ಕಟ್ಟಡಗಳ ಗೋಡೆಗೆ ಬಡಿದು ಬರುವ ಸಿಗ್ನಲ್ ಫೋನಿನ ಲೆಕ್ಕ ಕೆಡಿಸುತ್ತದೆ. ಕಾತ್ರಜ್ ಸುರಂಗದೊಳಗೆ ಆಕಾಶವೇ ಇಲ್ಲ. ಮ್ಯಾಪಿನಲ್ಲಿ ನೋಡಿದರೆ ಈ ಬಾಯಿಂದ ಆ ಬಾಯಿಗೆ ಒಂದು ನೇರ ಗೆರೆ. ಇನ್ನು ಸಿಂಹಗಡದಂಥ ಏರಿನಲ್ಲಿ, ಗಂಟೆಗೆ 5-6 ಕಿ.ಮೀ. ವೇಗದಲ್ಲಿ ಒದ್ದಾಡುತ್ತಾ ಹತ್ತುವಾಗ, ಕೆಲವು ಆ್ಯಪ್‌ಗಳ ಆಟೋ ಪಾಝ್ (ನಿಂತಾಗ ತಾನೇ ರೆಕಾರ್ಡಿಂಗ್ ತಡೆಯುವ ಸೆಟ್ಟಿಂಗ್) ನಾವು ನಿಂತೇ ಬಿಟ್ಟೆವು ಅಂದುಕೊಂಡು ಗಡಿಯಾರ ನಿಲ್ಲಿಸುತ್ತದೆ. ಘಾಟ್ ಹತ್ತುವ ದಿನ ಆಟೋ ಪಾಝ್ ಆಫ್ ಮಾಡಿ. ಅಷ್ಟು ಕಷ್ಟಪಟ್ಟ ನಿಮಿಷಗಳು ಲೆಕ್ಕಕ್ಕೇ ಸಿಗದಿದ್ದರೆ ಬೇಜಾರಾಗುತ್ತದೆ, ಅಲ್ವಾ?

ನನಗೆ ತುಂಬಾ ಇಷ್ಟವಾದ ವಿಷಯ ಎತ್ತರದ್ದು. ಸಿಂಹಗಡದ ಕೋಟೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದೆ. ಪುಣೆ ಊರು 560 ಮೀಟರ್ ಆಸುಪಾಸು. ಬುಡದಿಂದ ಮೇಲಕ್ಕೆ ಸುಮಾರು 9 ಕಿ.ಮೀ. ಘಾಟ್ ರಸ್ತೆ. ಮೇಲೆ ತಲುಪಿ, ಪಿಠಲ-ಭಾಕರಿ ಹೇಳಿ, ಮಡಕೆಯ ಮೊಸರು ಕೈಯಲ್ಲಿ ಹಿಡಿದು ನಾವು ಮೊದಲು ಮಾಡುವ ಕೆಲಸ ಫೋನುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಒಂದೇ ರಸ್ತೆ, ಒಂದೇ ಹೊತ್ತು, ಆದರೂ ಹತ್ತಿದ ಎತ್ತರ ಒಬ್ಬೊಬ್ಬರದು ಒಂದೊಂದು. "ನಂದು ಜಾಸ್ತಿ ಏರ್ಯಾದ" ಅಂತ ಬೆಳಗಾವಿಯ ಗೆಳೆಯ ಹೇಳಿದರೆ ಉಡುಪಿಯವರು ಒಪ್ಪುವುದಿಲ್ಲ.

ಯಾಕೆ ಹೀಗೆ ಅಂತ ಕೆದಕಿದರೆ ಚಂದದ ವಿಷಯ ಸಿಗುತ್ತದೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೇ ಇವೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಅಕ್ಕಪಕ್ಕದ ಜಾಗ ಹೇಳುವಷ್ಟು ಚೆನ್ನಾಗಿ ಜಿಪಿಎಸ್ ಎತ್ತರ ಹೇಳಲಾರದು. ಒಳ್ಳೆಯ ಬೈಕ್ ಕಂಪ್ಯೂಟರ್‌ಗಳಲ್ಲಿ ಮತ್ತು ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ನಮ್ಮ ಕಡೆಯ ಎತ್ತರದಲ್ಲಿ ಸುಮಾರು 9 ಮೀಟರ್ ಹತ್ತಿದರೆ ಒತ್ತಡ 1 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಪುಣೆಯಿಂದ ಕೋಟೆಯ ಬಾಗಿಲಿಗೆ ಹೋಗುವಷ್ಟರಲ್ಲಿ 70ಕ್ಕೂ ಜಾಸ್ತಿ ಇಳಿದಿರುತ್ತದೆ. ಬ್ಯಾರೋಮೀಟರ್ ಇರುವ ಫೋನು ಒಂದು ಮಹಡಿ ಹತ್ತಿದರೂ ಗುರುತಿಸುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಆದರೆ ಬ್ಯಾರೋಮೀಟರ್‌ಗೆ ಹವಾಮಾನವೂ ಎತ್ತರವೂ ಒಂದೇ. ನಮ್ಮಂಥ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಾ ಏರಿಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ ಬರೀ ಎರಡು ಮೂರು ಹೆಕ್ಟೋಪಾಸ್ಕಲ್. ಅಷ್ಟೇ ಸಾಕು, ಮೇಜಿನ ಮೇಲೆ ಸುಮ್ನೆ ಬಿದ್ದಿರುವ ಫೋನು ಸಂಜೆಯೊಳಗೆ ತಾನು 20-25 ಮೀಟರ್ ಹತ್ತಿದೆ ಅಂದುಕೊಳ್ಳಲು! ಬ್ಯಾರೋಮೀಟರ್ ಇಲ್ಲದ ಫೋನಿನ ಸವಾರಿಗೆ ಆ್ಯಪ್‌ಗಳು ಎತ್ತರದ ನಕ್ಷೆಯಿಂದ ಅಂಕಿ ತುಂಬುತ್ತವೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರಗಳು ಇಂಥ ಎಷ್ಟೋ ನಕ್ಷೆಗಳ ಮೂಲ. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್‌ನ ಚೌಕಗಳಾಗಿ ಭಾಗ ಮಾಡಿದ್ದಾರೆ. ಬಯಲಿಗೆ ಇದು ಧಾರಾಳ ಸಾಕು. ಘಾಟಿನಲ್ಲಿ ಹಾಗಲ್ಲ. ಒಂದು ಚೌಕದ ಅರ್ಧ ರಸ್ತೆ, ಉಳಿದರ್ಧ ಪ್ರಪಾತ. ಜಿಪಿಎಸ್ ಗೆರೆ ನಾಲ್ಕು ಮೀಟರ್ ಆಚೆ ಸರಿದರೆ ನಾವು ಕಣಿವೆಗೆ ಬಿದ್ದು ಎದ್ದಂತೆ ನಕ್ಷೆ ಲೆಕ್ಕ ಹಾಕುತ್ತದೆ. ತಿರುವು ತಿರುವಿನಲ್ಲೂ ಹೀಗೆ ಆದರೆ ಎತ್ತರ ಉಬ್ಬಿಬಿಡುತ್ತದೆ. ಆದ್ದರಿಂದ ಬೆಳಗಾವಿಯ ಗೆಳೆಯನ ಅಂಕಿಗೂ ನನ್ನ ಅಂಕಿಗೂ ಜಗಳ ಹಚ್ಚುವುದರಲ್ಲಿ ಅರ್ಥವಿಲ್ಲ. ಹೋದ ತಿಂಗಳ ನನ್ನದೇ ಅಂಕಿ, ಅದೇ ಫೋನಿನದು, ಪಕ್ಕದಲ್ಲಿದ್ದರೆ ಹೋಲಿಸಲು ಅದು ಸಾಕು.

ಈಗ ಫೋನಿನ ಕಷ್ಟಗಳು. ಮೊದಲನೆಯದು ಪರದೆ. ಬಹಳಷ್ಟು ಬೈಕ್ ಕಂಪ್ಯೂಟರ್‌ಗಳ ಪರದೆ ಮೇಲೆ ಬಿದ್ದ ಬಿಸಿಲನ್ನೇ ಬಳಸಿಕೊಂಡು ಅಂಕಿ ತೋರಿಸುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಸ್ಪಷ್ಟ. ಫೋನಿನ ಪರದೆ ತಾನೇ ಬೆಳಕು ಚೆಲ್ಲಿ ಬಿಸಿಲಿನ ಜೊತೆ ಪೈಪೋಟಿ ಮಾಡಬೇಕು. ಬ್ಯಾಟರಿ ಖಾಲಿಯಾಗುವುದು ಇಲ್ಲೇ. ಜಿಪಿಎಸ್ ತಿನ್ನುವುದು ಕಡಿಮೆ, ಪರದೆ ತಿನ್ನುವುದು ಜಾಸ್ತಿ. ಪರದೆ ಆರಿಸಿ ಜೇಬಿನಲ್ಲಿಟ್ಟು ರೆಕಾರ್ಡ್ ಮಾಡಿದರೆ ಒಂದು ಸಾಧಾರಣ ಫೋನು ಇಡೀ ಹಗಲು ಬಾಳುತ್ತದೆ. ಪೂರ್ತಿ ಬೆಳಕಿನಲ್ಲಿ ಪರದೆ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜರ್ ಹುಡುಕಬೇಕು.

ಎರಡನೆಯದು ಬಿಸಿ. ಏಪ್ರಿಲ್ ಕೊನೆಗೆ ಪುಣೆ 40 ಡಿಗ್ರಿ ಮುಟ್ಟುತ್ತದೆ. ಐಫೋನ್ ಬಳಸಲು ಆ್ಯಪಲ್ ಹೇಳುವ ಹವೆಯ ಮಿತಿ 35 ಡಿಗ್ರಿ. ಹ್ಯಾಂಡಲ್ ಮೇಲೆ, ಪ್ಲಾಸ್ಟಿಕ್ ಹೊದಿಕೆಯ ಒಳಗೆ, ನೇರ ಬಿಸಿಲಿಗೆ ಮುಖ ಮಾಡಿ ಕೂತ ಫೋನಿನ ಪಾಡು ಊಹಿಸಿ. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ. ಪವರ್ ಬ್ಯಾಂಕ್ ಜೋಡಿಸಿದರೂ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಇನ್ನೊಂದು ರಗಳೆ. ಪರದೆ ಮೇಲೆ ಬಿದ್ದ ಹನಿಯನ್ನು ಫೋನು ಬೆರಳು ಅಂದುಕೊಳ್ಳುತ್ತದೆ, ನಿಜವಾದ ಒದ್ದೆ ಬೆರಳನ್ನು ಗುರುತಿಸುವುದಿಲ್ಲ. ನೀರು ತಡೆಯುವ ಫೋನಾದರೂ ಚಾರ್ಜಿಂಗ್ ತೂತಿಗೆ ನೀರು ಹೋದರೆ ಚಾರ್ಜ್ ಮಾಡಬೇಡ ಅನ್ನುತ್ತದೆ.

ಅದುರುವಿಕೆಯನ್ನೂ ಮರೆಯಬಾರದು. ಮೋಟರ್ ಸೈಕಲ್ ಎಂಜಿನ್‌ನಂಥ ಜೋರಾದ ಅದುರುವಿಕೆ ಐಫೋನ್ ಕ್ಯಾಮೆರಾದ ಸ್ಥಿರತೆಯ ಭಾಗವನ್ನು ಕೆಡಿಸಬಹುದು ಅಂತ ಆ್ಯಪಲ್ 2021ರಲ್ಲಿ ಎಚ್ಚರಿಸಿತು. ಸೈಕಲ್‌ಗೆ ಎಂಜಿನ್ ಇಲ್ಲ ನಿಜ. ಆದರೆ ಬಣ್ಣ ಬಳಿಯದ ಸ್ಪೀಡ್ ಬ್ರೇಕರ್‌ಗಳು, ಅಗೆದು ಅರ್ಧ ಮುಚ್ಚಿದ ರಸ್ತೆಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ. ಹೊಸ ದುಬಾರಿ ಫೋನನ್ನು ಅಲ್ಲಿ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಕಣ್ಣು. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಎರಡು ಸೆಕೆಂಡ್ ಪರದೆ ನೋಡಿದರೆ 14 ಮೀಟರ್ ಕಣ್ಣು ಮುಚ್ಚಿ ಹೋದ ಲೆಕ್ಕ. ಸಿಂಹಗಡ ಇಳಿಯುವಾಗ 45ರ ವೇಗದಲ್ಲಿ ಅದೇ ಎರಡು ಸೆಕೆಂಡ್ 25 ಮೀಟರ್ ಆಗುತ್ತದೆ. ತಿರುವಿನ ಆಚೆಯಿಂದ ಜೀಪು ಬರಲು ಅಷ್ಟು ಸಾಕು. ಹಾಗಾಗಿ ನಾನು ಫೋನಿಗೆ ಮಾತಾಡಲು ಬಿಟ್ಟಿದ್ದೇನೆ. 5 ಕಿ.ಮೀ.ಗೊಮ್ಮೆ ದೂರ, ಸಮಯ ಹೇಳುವಂತೆ ಆ್ಯಪಿನಲ್ಲಿ ಹೊಂದಿಸಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಬದಲಿಸಬಹುದು. ಮರಾಠಿ ಊರಿನ ನಡುವೆ ಜೇಬಿನಿಂದ "ಎಡಕ್ಕೆ ತಿರುಗಿ" ಅಂತ ಕನ್ನಡದಲ್ಲಿ ಕೇಳುವಾಗ ಪ್ರತಿಸಲವೂ ಖುಷಿಯಾಗುತ್ತದೆ. ಇಯರ್‌ಫೋನ್ ಬೇಡ. ಹಿಂದಿನ ಲಾರಿಯ ಸದ್ದು ಕೇಳಲೇಬೇಕು.

ಮ್ಯಾಪಿನ ಮಾತು ಬಂತು, ಒಂದು ಎಚ್ಚರ ಹೇಳಿಬಿಡುತ್ತೇನೆ. ಅದರ ಟೂ ವೀಲರ್ ದಾರಿ ಮೋಟರ್ ಬೈಕ್‌ಗಾಗಿ ಮಾಡಿದ್ದು. ಬೈಕ್‌ಗೆ ಬೇಗ ಆಗುವ ದಾರಿ ಸೈಕಲ್‌ಗೆ ಕ್ಷೇಮದ ದಾರಿ ಆಗಿರಬೇಕೆಂದಿಲ್ಲ. ಸಾತಾರಾ ಕಡೆಯಿಂದ ಊರಿಗೆ ಬರುವಾಗ ಹೊಸ ಸುರಂಗ ದಾಟಿ ನವಲೆ ಪುಲ್ ಕಡೆಗೆ ಇಳಿಯುವ ಹೆದ್ದಾರಿ ಅಪಘಾತಗಳಿಗೆ ಹೆಸರಾದದ್ದು. ಇಳಿಜಾರಿನಲ್ಲಿ ಲಾರಿಗಳು ಹಿಡಿತ ತಪ್ಪುವ ಜಾಗ. ನಾನು ಹಳೆ ಕಾತ್ರಜ್ ಘಾಟಿನ ದಾರಿಯನ್ನೇ ಹಿಡಿಯುತ್ತೇನೆ. ಹತ್ತು ನಿಮಿಷ ಹೆಚ್ಚಾದರೆ ಆಗಲಿ.

ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು ಇನ್ನೊಂದಿದೆ. ಸೈಕಲ್ ಮೇಲೆ ಹೋದಾಗ ಫೋನಿನ ಮೊದಲ ಕೆಲಸ ಮನೆಗೆ ಕರೆ ಮಾಡುವುದು. ವೇಗ, ದೂರ, ಮ್ಯಾಪು, ಫೋಟೋ ಎಲ್ಲ ಆಮೇಲೆ. ಬೈಕ್ ಕಂಪ್ಯೂಟರ್ ಬ್ಯಾಟರಿ ಮುಗಿದರೆ ಹೋಗುವುದು ಬರೀ ಅಂಕಿ. ಫೋನಿನದು ಮುಗಿದರೆ ನಾವು ಒಂಟಿ. ಪಾನಶೇತ್ ರಸ್ತೆಯಲ್ಲಿ ನಮ್ಮ ಗುಂಪಿನ ಒಬ್ಬರಿಗೆ ಟೈರ್ ಸೀಳಿತು. ಟ್ಯೂಬ್ ಬದಲಿಸಿ ಸರಿಮಾಡುವಂಥದ್ದಲ್ಲ. ಬೆಳಗ್ಗೆಯಿಂದ ಹ್ಯಾಂಡಲ್ ಮೇಲೆ ಉರಿಯುತ್ತಿದ್ದ ಫೋನು ಆಗಲೇ ಆರಿಹೋಗಿತ್ತು. ಹಣ ಕೊಡುವುದೂ ಅದೇ ಫೋನಿನಿಂದ, ಜೇಬಿನಲ್ಲಿ ನೋಟು ಇಲ್ಲ. ಒಂದು ಹಾಲಿನ ಟೆಂಪೋದವರು ಕೂರಿಸಿಕೊಂಡು ಖಡಕವಾಸ್ಲಾಕ್ಕೆ ತಂದು ಬಿಟ್ಟರು. ಅಷ್ಟರಲ್ಲಿ ಅವರ ಮನೆಯವರು ನಮಗೆಲ್ಲ ಫೋನ್ ಮಾಡಿ ಅಳುತ್ತಿದ್ದರು.

ಅದಕ್ಕೇ ನಾನು ಹೇಳುವುದು ಎರಡು ಫೋನು. ಪ್ರತಿ ಮನೆಯ ಡ್ರಾಯರ್‌ನಲ್ಲೂ ಒಂದು ಹಳೆಯ ಸ್ಮಾರ್ಟ್‌ಫೋನ್ ಬಿದ್ದಿರುತ್ತದೆ. ಅದೇ ನಿಮ್ಮ ಬೈಕ್ ಕಂಪ್ಯೂಟರ್. ಸಿಮ್ ಬೇಕಿಲ್ಲ, ಜಿಪಿಎಸ್ ಸಿಮ್ ಇಲ್ಲದೆಯೂ ನಡೆಯುತ್ತದೆ. ಮನೆಯ ವೈಫೈನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಆಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ನಕ್ಷೆ ಅದು. ಸಹ್ಯಾದ್ರಿಯ ಕಾಲುದಾರಿಗಳೂ ಅದರಲ್ಲಿ ಸಿಗುತ್ತವೆ. ಚಕ್ರದ ಸೆನ್ಸರ್, ಪೆಡಲ್ ಸುತ್ತು ಎಣಿಸುವ ಸೆನ್ಸರ್ ಬೇಕಿದ್ದರೆ ಬ್ಲೂಟೂತ್ ಇರುವುದನ್ನೇ ಆರಿಸಿ, ಏಕೆಂದರೆ ಸೆನ್ಸರ್‌ಗಳು ಬಳಸುವ ಇನ್ನೊಂದು ವೈರ್‌ಲೆಸ್ ವಿಧಾನವಾದ ಆ್ಯಂಟ್ ಪ್ಲಸ್ ಬಹಳಷ್ಟು ಫೋನುಗಳಿಗೆ ಬರುವುದಿಲ್ಲ. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ರೆಕಾರ್ಡಿಂಗ್ ಆ್ಯಪ್‌ಗೆ ವಿನಾಯಿತಿ ಕೊಡಿ. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನು ಆ್ಯಪನ್ನೇ ಮಲಗಿಸಿಬಿಡುತ್ತದೆ. ಹಳೆ ಫೋನು ಬಿದ್ದು ಒಡೆದರೂ ಪರವಾಗಿಲ್ಲ.

ದಿನನಿತ್ಯದ ಫೋನು ಜಿಪ್ ಚೀಲದೊಳಗೆ, ಜೇಬಿನಲ್ಲಿ, ಪರದೆ ಆರಿಸಿ ಇರಲಿ. ಲಾಕ್ ಆದ ಪರದೆಯ ಮೇಲೂ ಕಾಣುವಂತೆ ರಕ್ತದ ಗುಂಪು, ಮನೆಯವರ ನಂಬರು ಹಾಕಿ. ಆ ನಂಬರಿನ ಹೆಸರು ಓದಿದರೆ ಇಲ್ಲಿನ ಮರಾಠಿ ಜನರಿಗೂ ಅರ್ಥವಾಗಬೇಕು. ತುರ್ತು ಸಹಾಯದ ನಂಬರು 112 ಎಲ್ಲರಿಗೂ ಗೊತ್ತಿರಲಿ.

ಜೇಬಿನ ಆ ಫೋನಿಗೆ ಇನ್ನೂ ಒಂದು ಕೆಲಸ ಇದೆ. ಪುಣೆಯಿಂದ ಬೆಳಗಾವಿಗೆ 48ನೇ ಹೆದ್ದಾರಿಯಲ್ಲಿ ಸುಮಾರು 340 ಕಿ.ಮೀ. ಖಂಬಾಟಕಿ ಘಾಟ್, ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ್, ನಿಪ್ಪಾಣಿ. ನಮ್ಮವರಲ್ಲಿ ಸೈಕಲ್ ಮೇಲೆ ಊರಿಗೆ ಹೋಗುವ ಆಸೆ ಇಲ್ಲದವರು ಕಡಿಮೆ. ನಾನು ಹೋದಾಗ ಧಾರವಾಡದಲ್ಲಿದ್ದ ಅವ್ವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿದ್ದೆ. ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ, ಆಮೇಲೆ ಮತ್ತೆ ಕಳಿಸಬೇಕು. ಅವಳಿಗೆ ನನ್ನ ಸರಾಸರಿ ವೇಗ ಬೇಡ, ಹತ್ತಿದ ಎತ್ತರ ಬೇಡ. ಆ ಚುಕ್ಕಿ ಸರಿಯುತ್ತಿದ್ದರೆ ಸಾಕು. ಕರಾಡಿನಲ್ಲಿ ಚಹಾಕ್ಕೆ ನಿಂತಾಗ ಫೋನ್ ಬಂತು. "ಯಾಕ ನಿಂತೀ? ಆರಾಮ ಅದೀ ಇಲ್ಲೋ?" ಯಾವ ಬೈಕ್ ಕಂಪ್ಯೂಟರ್‌ನ ಅಂಕಿಯೂ ನನಗೆ ಅಷ್ಟು ಧೈರ್ಯ ಕೊಟ್ಟಿಲ್ಲ.

ಮನೆಯವರಿಗೆ ಚುಕ್ಕಿ ಕಾಣಲಿ, ಊರಿಗೆಲ್ಲ ಕಾಣುವುದು ಬೇಡ. ಸವಾರಿ, ಓಟ ರೆಕಾರ್ಡ್ ಮಾಡುವ ಸ್ಟ್ರಾವಾ ಆ್ಯಪಿನ ಹೀಟ್ ಮ್ಯಾಪಿನಲ್ಲಿ (ಎಲ್ಲರ ಓಡಾಟ ಒಟ್ಟಿಗೆ ತೋರಿಸುವ ನಕ್ಷೆ) ಸೈನಿಕ ನೆಲೆಗಳ ಓಡಾಟದ ಗೆರೆಗಳು ಎದ್ದು ಕಂಡದ್ದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಮನೆಯ ಬಾಗಿಲೂ ಹಾಗೇ ಕಾಣಬಹುದು. ದಿನಾ ಒಂದೇ ಹೊತ್ತಿಗೆ ಒಂಟಿಯಾಗಿ ಹೊರಡುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು. ಸವಾರಿಯ ಮೊದಲ ಮತ್ತು ಕೊನೆಯ ತುಣುಕನ್ನು ಮರೆಮಾಡುವ ಸೆಟ್ಟಿಂಗ್ ಇದೆ, ಹಾಕಿಬಿಡಿ.

ಹಾಗಾದರೆ ಬೈಕ್ ಕಂಪ್ಯೂಟರ್ ಯಾರಿಗೂ ಬೇಡವಾ? ಬೇಕು. ಬ್ರೆವೆ, ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ತುಳಿಯುವವರಿಗೆ ಬೇಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಅಷ್ಟಕ್ಕೆ ಹಳೆ ಫೋನು ಮತ್ತು ಒಂದು ಪವರ್ ಬ್ಯಾಂಕ್ ಸಾಲುತ್ತದೆ. 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಅಲ್ಲಿ ರಾತ್ರಿ ಇದೆ, ನಿದ್ದೆಗಣ್ಣಿದೆ, ಮಳೆ ಇರಬಹುದು. ಒದ್ದೆ ಗ್ಲೌಸಿನಲ್ಲೂ ಒತ್ತಬಹುದಾದ ಗುಂಡಿಗಳು, ಬಿಸಿಲಲ್ಲಿ ಕಾಣುವ ಪರದೆ, ತಾಸುಗಟ್ಟಲೆ ಬಾಳುವ ಬ್ಯಾಟರಿ ಆಗ ಕೊಟ್ಟ ದುಡ್ಡಿಗೆ ನ್ಯಾಯ ಮಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಾಮ್ಹಿಣಿ, ಮುಳಶಿ ಕಡೆ ಮಳೆಯಲ್ಲೇ ತುಳಿಯುವ ಹುಚ್ಚಿದ್ದವರಿಗೂ ಅದೇ ಸರಿ. ಉಳಿದವರು ಆ ಹಣದಲ್ಲಿ ಮೊದಲು ಒಳ್ಳೆಯ ಟೈರ್ ಹಾಕಿಸಿ, ಹಿಂದೆ ಒಂದು ಜೋರಾದ ಕೆಂಪು ಲೈಟ್ ಹಾಕಿಸಿ. ಆಮೇಲೂ ಹಣ ಮಿಕ್ಕಿದರೆ ಕಂಪ್ಯೂಟರ್ ನೋಡೋಣ.